ಗೊಡ್ಡು ಅನ್ನುವ ಮೊದಲು ಕ್ಯಾಲೆಂಡರ್ ನೋಡಿ: ಹಸು ಗಬ್ಬ ಕಟ್ಟದಿದ್ದಾಗ ಏನು ಮಾಡಬೇಕು

ನಮ್ಮ ಹಸು ಜಾಜಿಯನ್ನು ನೋಡಲು ದಲ್ಲಾಳಿ ಬಂದದ್ದು ಡಿಸೆಂಬರ್ ಕೊನೆಯ ವಾರ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಅವನು ಹಸುವಿನ ಸುತ್ತ ಒಂದು ಸುತ್ತು ಹಾಕಿದ, ಕೆಚ್ಚಲು ಮುಟ್ಟಿ ನೋಡಿದ. "ಮೂರು ಸಲ ಹಾಕಿಸಿದ್ರೂ ನಿಲ್ಲದೆ ನಾಲ್ಕನೇ ಸಲ ಹಾಕಿಸಿದ್ದೀರಿ ಅಂದ್ರೆ ಇದು ಗೊಡ್ಡು ಅಕ್ಕ. ಇಟ್ಕೊಂಡು ಏನ್ ಮಾಡ್ತೀರ?" ಅಂದ. ಅವನು ಹೇಳಿದ ರೇಟು ನಾವು ಕೊಟ್ಟು ತಂದದ್ದರ ಅರ್ಧವೂ ಇರಲಿಲ್ಲ. ನಮ್ಮ ಯಜಮಾನರು ಸುಮ್ಮನೆ ನಿಂತಿದ್ದರು. ಕೊಡುವುದಿಲ್ಲ ಅಂತ ಹೇಳಿದ್ದು ನಮ್ಮ ಅತ್ತೆ. "ಎರಡು ಕರು ಹಾಕಿದ ಹಸು ಗೊಡ್ಡು ಹೇಗಾಗ್ತದೆ? ಅದು ಹೇಳ್ತಾ ಇದೆ, ನಮಗೆ ಕೇಳ್ತಾ ಇಲ್ಲ."

ನಮ್ಮದು ಕೊಡಗಿನ ಶನಿವಾರಸಂತೆ ಕಡೆ. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಹಾಲು ಊರ ಡೈರಿಗೆ, ಅಲ್ಲಿಂದ ಹಾಸನದ ಒಕ್ಕೂಟಕ್ಕೆ. ನಾನು ಹಸು ಸಾಕಲು ಶುರು ಮಾಡಿ 22 ವರ್ಷ ಆಯಿತು. ಇಷ್ಟು ವರ್ಷ ಸಾಕಿಯೂ ಜಾಜಿಯ ವಿಷಯದಲ್ಲಿ ನಾವು ತಪ್ಪಿದೆವು. ನಮ್ಮ ಊರಲ್ಲಿ ಪ್ರತಿ ವರ್ಷ ಇಂಥ ಎರಡು ಮೂರು ಒಳ್ಳೆ ಹಸುಗಳು ಗೊಡ್ಡು ಅನ್ನಿಸಿಕೊಂಡು ಲಾರಿ ಹತ್ತುತ್ತವೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಹೆಚ್ಚಿನವು ಗೊಡ್ಡಲ್ಲ. ನಾವು ನೋಡಿದ್ದು ಸಾಲದು, ಬರೆದಿಟ್ಟದ್ದು ಸಾಲದು, ಅಷ್ಟೇ.

ಮೊದಲು ನಿಮ್ಮ ಹಸುವಿನ ಕಥೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಬೆದೆಗೇ (ಹೋರಿ ಬಯಸುವ ಹೊತ್ತಿಗೆ) ಬರುತ್ತಿಲ್ಲವೋ, ಬೆದೆಗೆ ಬಂದು ಎಐ (ಕೃತಕ ಗರ್ಭಧಾರಣೆ) ಮಾಡಿಸಿದರೂ ಗಬ್ಬ ನಿಲ್ಲುತ್ತಿಲ್ಲವೋ, ಅಥವಾ ಗಬ್ಬ ನಿಂತು ಆಮೇಲೆ ಹೋಗುತ್ತಿದೆಯೋ? ಮೂರಕ್ಕೂ ದಾರಿ ಬೇರೆ ಬೇರೆ. "ಹಸು ಕಟ್ಟುತ್ತಿಲ್ಲ ಡಾಕ್ಟ್ರೇ, ಏನಾದ್ರೂ ಇಂಜೆಕ್ಷನ್ ಕೊಡಿ" ಅಂದರೆ ಅವರಾದರೂ ಏನು ಮಾಡಬೇಕು?

ಬೆದೆ ನೋಡುವುದು

ಹಸು ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. 18ರಿಂದ 24 ದಿನದೊಳಗೆ ಬಂದರೆ ಸರಿಯಾಗಿಯೇ ಇದೆ. ಬೆದೆ ಇರುವುದು 12ರಿಂದ 18 ಗಂಟೆ. ಅದರಲ್ಲೂ ಹೆಚ್ಚಿನ ಹಸುಗಳು ಸಂಜೆಯಿಂದ ಬೆಳಗಿನ ಜಾವದ ಒಳಗೇ ಬೆದೆ ತೋರಿಸುತ್ತವೆ. ಅಂದರೆ ನಾವು ಊಟ ಮಾಡಿ ಮಲಗಿದ ಹೊತ್ತು.

ಕೊಡಗಿನಲ್ಲಿ ಇನ್ನೊಂದು ಕಷ್ಟ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಒಂದೇ ದಿನ ನಾಲ್ಕೈದು ಇಂಚು ಹೊಯ್ಯುವಾಗ ಹಸುವನ್ನು ಹೊರಗೆ ಬಿಡುವುದು ಹೇಗೆ? ಬೇಸಿಗೆಯಲ್ಲಿ ಬಿಡೋಣ ಅಂದರೆ ನಮ್ಮ ಕಡೆ ಆನೆ. ಹಾಗಾಗಿ ಹಸು ವರ್ಷಪೂರ್ತಿ ಗೂಟದಲ್ಲೇ. ಕಟ್ಟಿದ ಹಸು ಇನ್ನೊಂದರ ಮೇಲೆ ಹತ್ತುವುದು ಹೇಗೆ? ಜಾರುವ ಸಿಮೆಂಟು ನೆಲವಾದರೆ ಬಿಟ್ಟರೂ ಹತ್ತುವುದಿಲ್ಲ. ಗೊರಸು ಕೊಳೆತು ಕಾಲು ನೋಯುತ್ತಿದ್ದರೂ ಹತ್ತುವುದಿಲ್ಲ. ಬೆದೆ ಬಂದು ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇದನ್ನೇ ಮೂಕ ಬೆದೆ ಅನ್ನುತ್ತಾರೆ. ಎಷ್ಟೋ ಸಲ ಬೆದೆ ಮೂಕ ಅಲ್ಲ, ನೋಡುವವರು ಇರಲಿಲ್ಲ ಅಷ್ಟೆ.

ನಾವು ಈಗ ಮಾಡುವುದು ಹೀಗೆ. ಬೆಳಿಗ್ಗೆ ಐದಕ್ಕೆ, ಹಾಲು ಕರೆಯುವ ಮೊದಲು, ಅತ್ತೆ ಒಂದು ಮಣೆ ಹಾಕಿಕೊಂಡು ಕೊಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂರುತ್ತಾರೆ. ಸಗಣಿ ಬಾಚುವುದಿಲ್ಲ, ಹುಲ್ಲು ಹಾಕುವುದಿಲ್ಲ, ಬರೀ ನೋಡುತ್ತಾರೆ. ರಾತ್ರಿ ಒಂಬತ್ತೂವರೆಗೆ ನಾನು ಟಾರ್ಚ್ ಹಿಡಿದು ಮತ್ತೊಮ್ಮೆ ಹೋಗುತ್ತೇನೆ. ಎಲ್ಲವೂ ಮಲಗಿ ಮೆಲುಕು ಹಾಕುವಾಗ ಒಂದು ಮಾತ್ರ ನಿಂತಿದ್ದರೆ ಅದರ ಹತ್ತಿರ ಹೋಗಿ ನೋಡಬೇಕು. ಕೂಗುವುದು, ಪದೇ ಪದೇ ಗಂಜಲ ಹಾಕುವುದು, ಹಾಲು ಕಡಿಮೆಯಾಗುವುದು, ಹಿಂಡಿ ಬಿಡುವುದು, ಯೋನಿ ಊದಿಕೊಂಡು ಒಳಗೆ ಕೆಂಪಾಗುವುದು, ಲೋಳೆ ಸೋರಿ ಬಾಲಕ್ಕೆ ಅಂಟುವುದು ಎಲ್ಲವೂ ಗುರುತುಗಳೇ. ಆದರೆ ಗಟ್ಟಿ ಗುರುತು ಒಂದೇ: ಬೇರೆ ಹಸು ಮೇಲೆ ಹತ್ತಿದಾಗ ಓಡದೆ ನಿಂತುಕೊಳ್ಳುವುದು. ಅದಕ್ಕೇ ಮಳೆ ಬಿಟ್ಟ ಹೊತ್ತಲ್ಲಿ, ಹತ್ತು ನಿಮಿಷವಾದರೂ ಸರಿ, ಅಂಗಳದ ಮಣ್ಣಿನ ಮೇಲೆ ಎರಡು ಹಸುವನ್ನು ಒಟ್ಟಿಗೆ ಬಿಡಿ.

ಬೆದೆ ಮುಗಿದು ಒಂದರಿಂದ ಮೂರು ದಿನದಲ್ಲಿ ಕೆಲವು ಹಸುಗಳಿಗೆ ಸ್ವಲ್ಪ ರಕ್ತ ಬೆರೆತ ಲೋಳೆ ಬರುತ್ತದೆ. ಹೆದರಬೇಡಿ, ಆಗ ಎಐ ಮಾಡಿಸಲೂ ಓಡಬೇಡಿ. ಈ ಸಲದ ಬೆದೆ ಆಗಲೇ ದಾಟಿದೆ. ಆ ತಾರೀಖು ಬರೆದುಕೊಂಡು, ಅಲ್ಲಿಂದ 16ನೇ ದಿನಕ್ಕೇ ಕಣ್ಣಿಡಲು ಶುರು ಮಾಡಿ.

ಕ್ಯಾಲೆಂಡರ್ ಓದುವುದು

ದಲ್ಲಾಳಿ ಹೋದ ಮೇಲೆ ನಾವು ಪಶು ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕರೆದೆವು. ಅವರು ಹಸುವನ್ನು ನೋಡುವ ಮೊದಲು ಕೇಳಿದ್ದು ತಾರೀಖು. "ಯಾವಾಗ ಕರು ಹಾಕಿತು? ಯಾವಾಗ ಯಾವಾಗ ಹಾಕಿಸಿದ್ರಿ? ಸರಿಯಾಗಿ ಹೇಳಿ ಅಮ್ಮಾ." ನಾನು ಅಡುಗೆಮನೆಯ ಕ್ಯಾಲೆಂಡರ್, ಡೈರಿ ಪುಸ್ತಕ, ನೆನಪು ಎಲ್ಲವನ್ನೂ ಸೇರಿಸಿ ಒಂದು ಹಾಳೆಯಲ್ಲಿ ಬರೆದೆ. ಜುಲೈ 3 ಕರು. ಸೆಪ್ಟೆಂಬರ್ 20 ಮೊದಲ ಎಐ. ಅಕ್ಟೋಬರ್ 11 ಎರಡನೆಯದು. ನವೆಂಬರ್ 2 ಮೂರನೆಯದು. ಡಿಸೆಂಬರ್ 14 ನಾಲ್ಕನೆಯದು.

ಅವರು ಆ ಹಾಳೆಯ ಮೇಲೆ ಪೆನ್ನಿನಿಂದ ನಡುವಿನ ದಿನ ಬರೆದರು. 21, 22, 42. "ನೋಡಿ, ಹಸು ಗಡಿಯಾರದ ಹಾಗೆ ತಿರುಗ್ತಾ ಇದೆ. 42 ಅಂದ್ರೆ ಎರಡು 21. ನಡುವೆ ನವೆಂಬರ್ 23ರ ಸುಮಾರಿಗೆ ಒಂದು ಬೆದೆ ಬಂದು ಹೋಗಿದೆ. ನೀವು ನೋಡ್ಲಿಲ್ಲ." ಆಗ ಏನು ಮಾಡುತ್ತಿದ್ದೆವು ಅಂತ ಯೋಚಿಸಿದೆ. ಕಾಫಿ ಕುಯ್ಲು ಶುರುವಾಗಿತ್ತು. ಬೆಳಿಗ್ಗೆ ಆರಕ್ಕೆ ಮನೆಯವರೆಲ್ಲ ತೋಟದಲ್ಲಿ.

ನಿಮ್ಮ ಕ್ಯಾಲೆಂಡರನ್ನೂ ಹೀಗೇ ಓದಿ. ಎರಡು ಬೆದೆ ನಡುವೆ 18ರಿಂದ 24 ದಿನ ಇದ್ದರೆ ಹಸುವಿನ ಅಂಡಾಶಯ ಕೆಲಸ ಮಾಡುತ್ತಿದೆ, ಆದರೆ ಗಬ್ಬ ನಿಂತಿಲ್ಲ. 36ರಿಂದ 48 ದಿನ ಇದ್ದರೆ ನಡುವೆ ಒಂದು ಬೆದೆ ನಿಮ್ಮ ಕಣ್ಣು ತಪ್ಪಿಸಿದೆ, ಇಲ್ಲವೇ ಗಬ್ಬ ನಿಂತು ಹೋಗಿದೆ. ಎಐ ಮಾಡಿಸಿ 25ರಿಂದ 35 ದಿನಕ್ಕೆ ತಿರುಗಿದರೆ, ಅಂದರೆ ಮತ್ತೆ ಬೆದೆಗೆ ಬಂದರೆ, ಗಬ್ಬ ಕಟ್ಟಿ ಪಿಂಡ ಆರಂಭದಲ್ಲೇ ಸತ್ತಿರುವ ಅನುಮಾನ ಇಟ್ಟುಕೊಳ್ಳಿ. ಎಂಟು ಹತ್ತು ದಿನಕ್ಕೇ ಮತ್ತೆ ಕೂಗಾಡುತ್ತಿದ್ದರೆ, ಒಂದೋ ಮೊದಲು ನೋಡಿದ್ದು ಬೆದೆಯೇ ಅಲ್ಲ, ಅಥವಾ ಅಂಡಾಶಯದಲ್ಲಿ ನೀರುಗುಳ್ಳೆ ಇದೆ. ಗುಳ್ಳೆ ಇರುವ ಹಸು ಕೆಲವೊಮ್ಮೆ ಹೋರಿಯ ಹಾಗೆ ಆಡುತ್ತದೆ, ಎಲ್ಲದರ ಮೇಲೂ ಹತ್ತುತ್ತದೆ, ಬಾಲದ ಬುಡ ಎತ್ತರವಾಗಿ ಕಾಣುತ್ತದೆ. ಇದನ್ನು ಡಾಕ್ಟರೇ ಕೈ ಹಾಕಿ ನೋಡಬೇಕು.

ಕೊಟ್ಟಿಗೆಯ ಬಾಗಿಲಿಗೆ ಒಂದು ಕ್ಯಾಲೆಂಡರ್, ದಾರ ಕಟ್ಟಿದ ಒಂದು ಪೆನ್ನು. ಖರ್ಚು ಇಷ್ಟೇ. ಬೆದೆ ಬಂದ ದಿನ, ಹೊತ್ತು, ಎಐ ಆದ ಹೊತ್ತು, ಸೆಮನ್ (ಹೋರಿಯ ವೀರ್ಯ) ತುಂಬಿದ ಕಡ್ಡಿಯ ಮೇಲೆ ಬರೆದಿರುವ ಹೋರಿಯ ನಂಬರ್. ಎಐ ಮಾಡಿಸದಿದ್ದರೂ ಬೆದೆಯ ದಿನ ಬರೆಯಿರಿ. ಕರು ಹಾಕಿದ ಮೇಲೆ ಬರುವ ಮೊದಲ ಬೆದೆಯಿಂದಲೇ ಬರೆಯಿರಿ.

ಕಪ್ಪು ಮುಚ್ಚಳದ ಮೇಲೆ ಲೋಳೆ

ಜನವರಿ 4, ಬೆಳಗಿನ ಜಾವ. ಲೆಕ್ಕದ ಪ್ರಕಾರ ಜಾಜಿ ಬೆದೆಗೆ ಬರಬೇಕಾದ ದಿನ. ಮಂಜು ಕವಿದಿತ್ತು, ಕೊಟ್ಟಿಗೆಯಲ್ಲಿ ಹಸುಗಳ ಉಸಿರು ಹೊಗೆಯ ಹಾಗೆ ಕಾಣುತ್ತಿತ್ತು. ಜಾಜಿ ಎದ್ದು ನಿಂತಿತ್ತು. ಬಾಲ ಸ್ವಲ್ಪ ಎತ್ತಿದಾಗ ಒಂದು ಮೊಳ ಉದ್ದದ ಲೋಳೆ ಎಳೆಯಾಗಿ ಇಳಿಯಿತು. ಡಾಕ್ಟರ್ ಹೇಳಿದ್ದರಿಂದ ನಾನು ಫೀಡ್ ಬಕೆಟ್ಟಿನ ಕಪ್ಪು ಮುಚ್ಚಳ ತೊಳೆದು ಇಟ್ಟುಕೊಂಡಿದ್ದೆ. ಲೋಳೆಯನ್ನು ಅದರ ಮೇಲೆ ಬೀಳಿಸಿಕೊಂಡು ಟಾರ್ಚ್ ಬಿಟ್ಟೆ. ದೂರಕ್ಕೆ ಗಾಜಿನ ಹಾಗೆ ತಿಳಿಯಾಗಿತ್ತು. ಹತ್ತಿರ ಹಿಡಿದಾಗ ನಡುವೆ ಮೂರು ನಾಲ್ಕು ಬಿಳಿ ಚೂರು, ಒಡೆದ ಹಾಲಿನ ಕಣದಷ್ಟು. ಕೈ ಮೇಲೆ ನೋಡಿದ್ದರೆ ಕಾಣುತ್ತಲೇ ಇರಲಿಲ್ಲ. ನಾಲ್ಕು ಸಲವೂ ಕಾಣಲಿಲ್ಲ.

ಅದು ಗರ್ಭಕೋಶದ ಕೀವು. ಲೋಳೆ ಹಸಿ ಮೊಟ್ಟೆಯ ಬಿಳಿಯ ಹಾಗೆ ಪೂರ್ತಿ ತಿಳಿಯಾಗಿರಬೇಕು. ಮಬ್ಬಾಗಿದ್ದರೆ, ಚೂರು ಇದ್ದರೆ, ಹಳದಿ ಬಣ್ಣವಿದ್ದರೆ, ವಾಸನೆ ಬಂದರೆ ಆ ಸಲ ಎಐ ಮಾಡಿಸಬೇಡಿ. ಕೀವಿನ ಮೇಲೆ ಎಷ್ಟು ಒಳ್ಳೆ ಸೆಮನ್ ಹಾಕಿದರೂ ವ್ಯರ್ಥ. ಅದೇ ದಿನ ಡಾಕ್ಟರನ್ನು ಕರೆಯಿರಿ. ಬೆದೆಯಲ್ಲಿ ಗರ್ಭಕೋಶದ ಬಾಯಿ ತೆರೆದಿರುವುದರಿಂದ ಔಷಧಿ ಹಾಕಲು ಅನುಕೂಲ. ಜಾಜಿಗೆ ಹಾಗೇ ಮಾಡಿದರು. ಔಷಧಿ ಹಾಕಿಸಿದ ಮೇಲೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತ ಕೇಳಿ, ಅಷ್ಟು ದಿನ ಹಾಕಬೇಡಿ. ಮಕ್ಕಳು ಕುಡಿಯುವ ಹಾಲು ಅದು. ಜನವರಿ 25ಕ್ಕೆ ಮತ್ತೆ ಬೆದೆ ಬಂತು, ಲೋಳೆ ತಿಳಿಯಾಗಿತ್ತು. ಆದರೂ ಡಾಕ್ಟರ್ ಒಂದು ಬೆದೆ ಬಿಡಲು ಹೇಳಿದರು. ಬಿಟ್ಟೆವು. ಆ 21 ದಿನ ಕಾಯುವುದು ಕಷ್ಟವಾಯಿತು.

ಕೀವು ಎಲ್ಲಿಂದ ಬಂತು? ಅದೂ ಕ್ಯಾಲೆಂಡರಿನಲ್ಲೇ ಇತ್ತು. ಜುಲೈ 3ರ ರಾತ್ರಿ ಜಾಜಿ ಕರು ಹಾಕಿದಾಗ ಜಡಿಮಳೆ, ಕರೆಂಟಿಲ್ಲ. ಮಾರನೆ ದಿನ ಮಧ್ಯಾಹ್ನವಾದರೂ ಕಸ (ಕರುವಿನ ಹಿಂದೆ ಬೀಳುವ ಮಾಸು) ಬೀಳಲಿಲ್ಲ. ಪಕ್ಕದ ಮನೆಯವರು ಬಂದು ನೇತಾಡುತ್ತಿದ್ದ ಕಸಕ್ಕೆ ಒಂದು ಕಲ್ಲು ಕಟ್ಟಿದರು. ಸಹಾಯ ಮಾಡೋಣ ಅಂತಲೇ ಮಾಡಿದ್ದು. ಸಂಜೆಗೆ ಅರ್ಧ ಹರಿದು ಬಿತ್ತು. ಉಳಿದದ್ದು ಒಳಗೇ ಕೊಳೆಯಿತು. ಹಸು ಮೇವು ತಿನ್ನುತ್ತಿತ್ತು, ಹಾಲು ಕೊಡುತ್ತಿತ್ತು, ನಾವು ಮರೆತುಬಿಟ್ಟೆವು.

ದಯವಿಟ್ಟು ಕಸಕ್ಕೆ ಕಲ್ಲು, ಚಪ್ಪಲಿ ಏನೂ ಕಟ್ಟಬೇಡಿ. ಎಳೆಯಲೂ ಬೇಡಿ. 12 ಗಂಟೆ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಊರಿನ ಆಸ್ಪತ್ರೆಯವರು ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಸ್ಪತ್ರೆಯ ಗಾಡಿಯನ್ನು ಕೇಳಬಹುದು. ಕರು ಹಾಕಿ ಒಂದೂವರೆ ತಿಂಗಳಿಗೆ ಹಸು ಚೆನ್ನಾಗಿಯೇ ಕಂಡರೂ ಒಮ್ಮೆ ಗರ್ಭಕೋಶ ಪರೀಕ್ಷೆ ಮಾಡಿಸಿ. ನಾನು ಅದೊಂದು ಮಾಡಿಸಿದ್ದರೆ ಸಾಕಿತ್ತು. ಕರು ಹಾಕಿ 60 ದಿನ ಆಗುವ ಮೊದಲು ಎಐಗೆ ಆತುರ ಪಡಬೇಡಿ.

ಎಐ ಯಾವಾಗ, ಹೇಗೆ

ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆ. ಇದು ಎಲ್ಲರಿಗೂ ಗೊತ್ತಿರುವ ಮಾತು, ಪಾಲಿಸುವವರು ಕಡಿಮೆ. ಕಾರಣ ತಿಳಿದರೆ ಪಾಲಿಸುತ್ತೀರಿ. ಹಸುವಿನ ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು 10ರಿಂದ 12 ಗಂಟೆ ಕಳೆದ ಮೇಲೆ. ಕೂಗಿದ ತಕ್ಷಣ ಹಾಕಿಸಿದರೆ ಅಂಡ ಬರುವ ಹೊತ್ತಿಗೆ ಸೆಮನ್ ಸತ್ತಿರುತ್ತದೆ. ತಡವಾದರೆ ಅಂಡವೇ ಮುದಿಯಾಗಿರುತ್ತದೆ. ನಾವು ಮೊದಲ ಸಲ ಕೂಗಿದ ಒಂದು ಗಂಟೆಗೇ ಹಾಕಿಸಿದ್ದೆವು. ಮೂರನೆ ಸಲ ಬಂದವರು ಮಾರನೆ ದಿನ ಸಂಜೆ ಬಂದರು. ಬೆದೆ 24 ಗಂಟೆ ದಾಟಿಯೂ ಮುಂದುವರಿದರೆ ಡಾಕ್ಟರನ್ನು ಕೇಳಿ ಎರಡನೆ ಸಲ ಹಾಕಿಸಬಹುದು.

ಎಐ ಮಾಡುವವರು ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಸೆಮನ್ ಕಡ್ಡಿ ಇರುವುದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ತೆಗೆದ ಮೇಲೆ 37 ಡಿಗ್ರಿ ಬಿಸಿ ನೀರಲ್ಲಿ 30 ಸೆಕೆಂಡು ಇಟ್ಟು, ಒರೆಸಿ, ಕೂಡಲೇ ಹಾಕಬೇಕು. ಒಮ್ಮೆ ಒಬ್ಬರು ಕಡ್ಡಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅದು ತಪ್ಪು ಅಂತ ಗೊತ್ತಿರಲಿಲ್ಲವಾದ್ದರಿಂದ ಸುಮ್ಮನಿದ್ದೆ. ಈಗ ಫ್ಲಾಸ್ಕಿನಲ್ಲಿ ಬಿಸಿ ನೀರು ನಾನೇ ಸಿದ್ಧ ಇಡುತ್ತೇನೆ, ಥರ್ಮಾಮೀಟರೂ ಇಡುತ್ತೇನೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಸುವನ್ನು ಆ ಮೊದಲು ನೆರಳಲ್ಲಿ ಕಟ್ಟಿ, ಹೊಡೆಯಬೇಡಿ, ಓಡಿಸಬೇಡಿ. ಮೂರು ಸಲ ತಿರುಗಿದ ಹಸುವಿಗೆ ಹೆಣ್ಣು ಕರು ಬೇಕು ಅಂತ ಲಿಂಗ ವಿಂಗಡಿಸಿದ ಸೆಮನ್ ಹಾಕಿಸಬೇಡಿ. ಅದರಲ್ಲಿ ಕಟ್ಟುವ ಪ್ರಮಾಣ ಮೊದಲೇ ಕಡಿಮೆ.

ಎಐ ನಿಲ್ಲದಾಗ ಊರ ಹೋರಿಗೆ ಬಿಡುವವರಿದ್ದಾರೆ. ಕೆಲವೊಮ್ಮೆ ನಿಲ್ಲುತ್ತದೆ, ಯಾಕೆಂದರೆ ಹೋರಿಗೆ ಸರಿಯಾದ ಹೊತ್ತು ಗೊತ್ತು. ಆದರೆ ಹತ್ತು ಮನೆಯ ಹಸುವಿನ ರೋಗವೂ ಅದರ ಜೊತೆ ಬರುತ್ತದೆ. ನಾನಂತೂ ಬಿಡುವುದಿಲ್ಲ.

ಬೆದೆಗೇ ಬಾರದ ಹಸು

ಇಲ್ಲಿ ಮೊದಲ ಕೆಲಸ ಗಬ್ಬ ಇದೆಯಾ ಅಂತ ನೋಡಿಸುವುದು. ನಗಬೇಡಿ. ನಮ್ಮ ಪಕ್ಕದ ಊರಲ್ಲಿ ಬೆದೆಗೆ ಬಾರದ ಹಸುವಿಗೆ ಬೆದೆ ಬರಿಸುವ ಇಂಜೆಕ್ಷನ್ ಕೊಡಿಸಿದರು. ಮೂರು ತಿಂಗಳ ಗಬ್ಬ ಹೋಯಿತು. ಪ್ರೊಸ್ಟಾಗ್ಲಾಂಡಿನ್ ಅನ್ನುವ ಆ ಔಷಧಿ ಗಬ್ಬದ ಹಸುವಿಗೆ ಬಿದ್ದರೆ ಗಬ್ಬ ಹೋಗುತ್ತದೆ. ಹೆಂಗಸರಿಗೆ ಇನ್ನೊಂದು ಮಾತು: ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬಸುರಿಯರು, ಅಸ್ತಮಾ ಇರುವವರು ಆ ಬಾಟ್ಲಿ, ಸಿರಿಂಜು ಮುಟ್ಟಲೇಬಾರದು.

ಗಬ್ಬ ಇಲ್ಲ, ಗರ್ಭಕೋಶದಲ್ಲಿ ಕೀವೂ ಇಲ್ಲ ಅಂದರೆ ಮೈ ನೋಡಿ. ದೂರ ನಿಂತು ಪಕ್ಕೆಲುಬು ಎಣಿಸಿ. ಕೊನೆಯ ಎರಡು ಮೂರು ಕಂಡರೆ ತೊಂದರೆ ಇಲ್ಲ. ಎಲ್ಲವೂ ಎಣಿಸುವಂತಿದ್ದರೆ, ಬಾಲದ ಎರಡೂ ಕಡೆ ಗುಂಡಿ ಬಿದ್ದಿದ್ದರೆ, ಆ ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತಿದೆ. ಅದಕ್ಕೆ ಬೆದೆಗೆ ಬರಲು ಶಕ್ತಿ ಎಲ್ಲಿದೆ?

ನಮ್ಮಲ್ಲಿ ಮೇವು ಅಂದರೆ ಭತ್ತದ ಹುಲ್ಲು. ಹೊಟ್ಟೆ ತುಂಬುತ್ತದೆ, ಅಷ್ಟೆ. ಅದರಲ್ಲಿ ಪ್ರೋಟೀನ್ ಕಡಿಮೆ, ರಂಜಕ ಕಡಿಮೆ, ಎ ವಿಟಮಿನ್ ಇಲ್ಲವೇ ಇಲ್ಲ ಅನ್ನಬಹುದು. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ನಮ್ಮ ಮಣ್ಣು ಹುಳಿ, ಮಳೆಗೆ ಸತ್ವ ತೊಳೆದು ಹೋಗಿರುತ್ತದೆ. ಕಾಫಿ ಗಿಡಕ್ಕೆ ಸುಣ್ಣ ಹಾಕುವುದನ್ನು ಯಾರೂ ಮರೆಯುವುದಿಲ್ಲ, ಅದೇ ನೆಲದ ಹುಲ್ಲು ತಿನ್ನುವ ಹಸುವನ್ನು ಮರೆಯುತ್ತೇವೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಿಂಡಿಯಲ್ಲಿ ಕಲಸಿ ಕೊಡಿ. ಬೆದೆಗೆ ಬಾರದಾಗ ಮಾತ್ರ ಅಲ್ಲ, ವರ್ಷಪೂರ್ತಿ. ಒಂದು ವಾರ ಕೊಟ್ಟು ಏನೂ ಆಗಲಿಲ್ಲ ಅನ್ನಬೇಡಿ, ಎರಡು ಮೂರು ತಿಂಗಳು ಬೇಕು. ಫೀಡು ಮೈಗೆ ಅಂತ ಎರಡು ಕೆ.ಜಿ., ಆಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಲೆಕ್ಕ. ತೋಟದ ಬದುವಿನಲ್ಲಿ ಸೀಮೆಹುಲ್ಲು ನೆಟ್ಟುಕೊಳ್ಳಿ. ಕಾಫಿಗೆ ನೆರಳು ತೆಗೆಯುವಾಗ ಬರುವ ಹಾಲವಾಣದ ಸೊಪ್ಪನ್ನು ಬಿಸಾಡಬೇಡಿ, ಹಸು ಇಷ್ಟಪಟ್ಟು ತಿನ್ನುತ್ತದೆ.

ಗದ್ದೆ ಬಯಲಲ್ಲಿ ಮೇಯುವ ಹಸುವಾದರೆ ಹುಳ ನೋಡಿಸಿ. ಗದ್ದೆಯ ಬಸವನಹುಳುವಿನಿಂದ ಲಿವರ್ ಹುಳು ಬರುತ್ತದೆ. ಮೈ ಇಳಿಯುತ್ತದೆ, ದವಡೆ ಕೆಳಗೆ ನೀರು ತುಂಬಿದ ಹಾಗೆ ಜೋತು ಬೀಳುತ್ತದೆ. ಒಂದು ಬೆಂಕಿಪೊಟ್ಟಣದಷ್ಟು ಸಗಣಿ ಆಸ್ಪತ್ರೆಗೆ ಕೊಟ್ಟರೆ ಪರೀಕ್ಷೆ ಮಾಡಿ ಸರಿಯಾದ ಔಷಧಿ ಹೇಳುತ್ತಾರೆ. ಅಂಗಡಿಯಿಂದ ಸಿಕ್ಕಿದ್ದು ತಂದು ಕುಡಿಸಬೇಡಿ. ಕೆಲವು ಹುಳುವಿನ ಔಷಧಿ ಎಳೆ ಗಬ್ಬಕ್ಕೆ ಅಪಾಯ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಬಾರದಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. ಬೇರೆ ಬೇರೆ ದಿನ ಮೂರು ಇಂಜೆಕ್ಷನ್ ಕೊಟ್ಟು, ಬೆದೆ ಕಾಣಲಿ ಬಿಡಲಿ, ಹೇಳಿದ ಹೊತ್ತಿಗೆ ಎಐ ಮಾಡುವ ಕ್ರಮವೂ ಇದೆ. ಒಳ್ಳೆಯದೇ. ಆದರೆ ಸಣಕಲು ಹಸುವಿಗೆ ಹಾರ್ಮೋನ್ ಕೊಡಿಸುವುದು ದುಡ್ಡು ದಂಡ.

ಸೊಪ್ಪಿನ ಮದ್ದು ಕೇಳುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಇದು ಬೆದೆಗೆ ಬಂದೂ ಕಟ್ಟದ ಹಸುವಿಗೆ. ಬೆದೆ ಬಂದ ಮೊದಲ ಅಥವಾ ಎರಡನೆ ದಿನದಿಂದ ಶುರು. ಐದು ದಿನ ದಿನಕ್ಕೊಂದು ಬಿಳಿ ಮೂಲಂಗಿ, ನಂತರ ನಾಲ್ಕು ದಿನ ಒಂದೊಂದು ಲೋಳೆಸರದ ಎಲೆ, ಮತ್ತೆ ನಾಲ್ಕು ದಿನ ನಾಲ್ಕು ಹಿಡಿ ನುಗ್ಗೆಸೊಪ್ಪು, ನಾಲ್ಕು ದಿನ ನಾಲ್ಕು ಹಿಡಿ ಮಂಗರವಳ್ಳಿ, ಕೊನೆಗೆ ನಾಲ್ಕು ದಿನ ನಾಲ್ಕು ಹಿಡಿ ಕರಿಬೇವು ಅರಿಶಿನದ ಜೊತೆ. ಬೆಲ್ಲ, ಉಪ್ಪು ಸೇರಿಸಿ ತಿನ್ನಿಸುವುದು. ಒಂದು ಮಣಕಕ್ಕೆ (ಇನ್ನೂ ಕರು ಹಾಕದ ಎಳೆ ಹಸುವಿಗೆ) ಮಾಡಿದ್ದೆ, ಕಟ್ಟಿತು. ಅದೇ ಹೊತ್ತಿಗೆ ಖನಿಜ ಮಿಶ್ರಣವನ್ನೂ ಶುರು ಮಾಡಿದ್ದರಿಂದ ಯಾವುದರಿಂದ ಅಂತ ಹೇಳಲಾರೆ. ಕೀವು ಇರುವ ಹಸುವಿಗೆ ಇದೊಂದನ್ನೇ ನಂಬಿ ಕೂರಬೇಡಿ.

ಮಣಕದ ಮಾತು ಬಂದಿದ್ದರಿಂದ ಒಂದು ಲೆಕ್ಕ. ಮಣಕಕ್ಕೆ ವಯಸ್ಸು ಎಣಿಸಬೇಡಿ, ತೂಕ ನೋಡಿ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯಾದರೆ 250 ಕೆ.ಜಿ. ಹತ್ತಿರ ಬಂದಿರಬೇಕು. ಟೇಪಿನಲ್ಲಿ ಮುಂಗಾಲ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆ ತನಕ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 58, ಉದ್ದ 50 ಇದ್ದರೆ ಸುಮಾರು 255 ಕೆ.ಜಿ. ಇನ್ನೊಂದು ವಿಷಯ, ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಬಹುಪಾಲು ಹುಟ್ಟಿನಿಂದಲೇ ಗೊಡ್ಡು. ಅದನ್ನು ಎರಡು ವರ್ಷ ಸಾಕಿ ಕಾಯುವ ಮೊದಲು ಡಾಕ್ಟರಿಗೆ ತೋರಿಸಿ.

ಗಬ್ಬ ಹೋದರೆ

ಆರು ಏಳು ತಿಂಗಳ ಮೇಲೆ ಗಬ್ಬ ಹೋದರೆ ಬ್ರುಸೆಲ್ಲಾ ಅನುಮಾನ ಮೊದಲು ಬರಬೇಕು. ಅದು ಮನುಷ್ಯರಿಗೂ ಬರುವ ರೋಗ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ಬಿದ್ದ ಕರು, ಕಸ ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಎಳೆಯಲು ಬಿಡಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ಹೂಳುವ ಮೊದಲು ಡಾಕ್ಟರಿಗೆ ತಿಳಿಸಿ, ಮಾದರಿ ಬೇಕಾದರೆ ತೆಗೆದುಕೊಳ್ಳುತ್ತಾರೆ. ಹಸುವಿನ ರಕ್ತ ಪರೀಕ್ಷೆ ಮಾಡಿಸಿ, ಹಾಲು ಕಾಯಿಸದೆ ಕುಡಿಯಬೇಡಿ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಸಲ ಹಾಕುವ ಲಸಿಕೆ ಇದೆ. ಇಲಾಖೆಯವರು ಬಂದಾಗ ಕರುವನ್ನು ತೋಟದಲ್ಲಿ ಬಚ್ಚಿಡುವವರನ್ನು ನೋಡಿದ್ದೇನೆ, ಹಾಲು ಕಡಿಮೆಯಾಗುತ್ತದೆ ಅಂತ ಹೆದರಿ. ಕರುವಿಗೆ ಎಲ್ಲಿಯ ಹಾಲು? ಹಾಕಿಸಿ.

ಜಾಜಿಗೆ ಫೆಬ್ರವರಿ 14ರ ರಾತ್ರಿ ಒಂಬತ್ತೂವರೆಗೆ ಬೆದೆ ಕಂಡಿತು. ಕಪ್ಪು ಮುಚ್ಚಳದ ಮೇಲೆ ಲೋಳೆ ಹಿಡಿದೆ, ಒಂದು ಚೂರೂ ಇರಲಿಲ್ಲ. 15ರ ಬೆಳಿಗ್ಗೆ ಎಂಟೂವರೆಗೆ ಎಐ. 21 ದಿನಕ್ಕೆ ತಿರುಗಲಿಲ್ಲ, 42ಕ್ಕೂ ತಿರುಗಲಿಲ್ಲ. ಅಷ್ಟಕ್ಕೇ ಗಬ್ಬ ಅಂತ ಬರೆದುಕೊಳ್ಳಬೇಡಿ, ಗಬ್ಬದ ಹಸುವೂ ಅಪರೂಪಕ್ಕೆ ಬೆದೆಯ ಹಾಗೆ ತೋರಿಸುತ್ತದೆ, ಖಾಲಿ ಹಸು ಸುಮ್ಮನಿರುತ್ತದೆ. ಎರಡು ತಿಂಗಳು ದಾಟಿದ ಮೇಲೆ ಡಾಕ್ಟರ್ ಕೈ ಹಾಕಿ ನೋಡಬೇಕು. ಏಪ್ರಿಲ್ 22, 66ನೇ ದಿನ ಅವರು ಬಂದರು. ಕೈ ಒಳಗಿದ್ದಾಗ ಅವರು ಮಾತಾಡುವುದಿಲ್ಲ, ಗೋಡೆ ನೋಡುತ್ತಿರುತ್ತಾರೆ. ಅತ್ತೆ ಜಾಜಿಯ ಕೊರಳು ನೇವರಿಸುತ್ತಾ ನಿಂತಿದ್ದರು. "ನಿಂತಿದೆ ಅಮ್ಮಾ" ಅಂದರು.

ಮೊದಲ ಎಐಗೂ ಫೆಬ್ರವರಿ 15ರ ಎಐಗೂ ನಡುವೆ 148 ದಿನ. ದಿನಕ್ಕೆ 150 ರೂಪಾಯಿ ಮೇವಿನ ಲೆಕ್ಕ ಹಿಡಿದರೂ 22,200 ರೂಪಾಯಿ. ಕಲ್ಲು ಕಟ್ಟದೆ ಒಂದು ಫೋನ್ ಮಾಡಿದ್ದರೆ ಉಳಿಯುತ್ತಿದ್ದ ದುಡ್ಡು.

ಹಸುವಿನ ಗಬ್ಬ 280 ದಿನ. ಜಾಜಿ ಕರು ಹಾಕಬೇಕಾದದ್ದು ನವೆಂಬರ್ 22ರ ಸುಮಾರಿಗೆ, ಕಾಫಿ ಕುಯ್ಲಿನ ಹೊತ್ತಿಗೇ. ಅದಕ್ಕೆ 60 ದಿನ ಮೊದಲು, ಸೆಪ್ಟೆಂಬರ್ 23ಕ್ಕೆ, ಹಾಲು ಬತ್ತಿಸಬೇಕು. ಎರಡೂ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ನವೆಂಬರ್ ಮೂರನೆ ವಾರ ಮನೆಯಲ್ಲಿ ಒಬ್ಬರು ತೋಟಕ್ಕೆ ಹೋಗದೆ ಉಳಿಯಬೇಕು ಅಂತ ಈಗಲೇ ಮಾತಾಗಿದೆ. ಉಳಿಯುವುದು ಅತ್ತೆಯೇ.